ತೊಳೆಯದೆ ಬಿಟ್ಟ ಅರ್ಧ ಬಂಡಿ

ಹಿನ್ನೀರು ಶಕೆ ಇನ್ನೂರ ಹನ್ನೊಂದು, ಹದಿಮೂರನೆಯ ತಿಂಗಳ ಮೂವತ್ತಾರನೆಯ ದಿನ
ತೇಲುಹಟ್ಟಿ, ಕೃಷ್ಣೆಯ ಹಿನ್ನೀರು

ಎರಡು ಶತಮಾನ ಹಿಂದೆ ಬದುಕಿರುವ ಹಿರಿಯರಿಗೆ,

ಮೊದಲು, ಆಳುವವರು ನಮಗೆ ಕೊಟ್ಟ ಮಾತುಗಳು. ಬಂಡಿ ಮುಳುಗಿದರೆ ಜನರ ಎದುರಿಗೇ ತನಿಖೆ ನಡೆಯುತ್ತದೆ ಎಂದಿದ್ದರು. ನಡೆಯಲಿಲ್ಲ. ಬಂಡಿ ಓಡಿಸುವವರ ಕೈಗೆ ತನಿಖೆ ಕೊಡುವುದಿಲ್ಲ ಎಂದಿದ್ದರು. ಅವರ ಕೈಯಲ್ಲೇ ಇದೆ. ಬದುಕಿ ಬಂದವರನ್ನು ಮೊದಲು ಕೇಳುತ್ತೇವೆ ಎಂದಿದ್ದರು. ಒಬ್ಬಳನ್ನು ಕೇಳಿದರು, ಅವಳನ್ನೂ ಗದರಿಸಿ ಕಳಿಸಿದರು. ಕಾರಣ ಸಿಗುವವರೆಗೆ ಅದೇ ಅಚ್ಚಿನ ಬಂಡಿಗಳನ್ನೆಲ್ಲ ನಿಲ್ಲಿಸುತ್ತೇವೆ ಎಂದಿದ್ದರು. ನಾನು ಇದನ್ನು ಬರೆಯುತ್ತಿರುವಾಗ ಅಂಥದೊಂದು ಬಂಡಿ ಜನ ತುಂಬಿಕೊಂಡು ನನ್ನ ಬಾಗಿಲ ಮುಂದೆಯೇ ನೀರಿಗೆ ಇಳಿಯುತ್ತಿದೆ. ಸತ್ತವರ ಮೇಲೆ ತಪ್ಪು ಹೊರಿಸುವುದಿಲ್ಲ ಎಂದಿದ್ದರು. ಹೊರಿಸಿ, ಗೋಡೆಗೆ ಅಂಟಿಸಿ ಹೋಗಿದ್ದಾರೆ.

ನನ್ನ ಕನ್ನಡ ನಿಮ್ಮ ಕಿವಿಗೆ ಒರಟಾಗಿ ಕೇಳಿಸಿದರೆ ಕ್ಷಮಿಸಿ. ಮಾತು ನೀರಿನ ಹಾಗೆ, ಪಾತ್ರ ಬದಲಾದರೆ ಬಣ್ಣವೂ ಬದಲಾಗುತ್ತದೆ. ಸಿಟ್ಟಿಗೆ ಮಾತ್ರ ಕ್ಷಮೆ ಕೇಳುವುದಿಲ್ಲ. ಈ ಪತ್ರ ಹಿಂದಕ್ಕೆ ಹೇಗೆ ಹರಿದು ಬಂತು ಎಂದೂ ಕೇಳಬೇಡಿ. ನದಿಯನ್ನೇ ಹಿಂದಕ್ಕೆ ನಿಲ್ಲಿಸಿದವರು ನೀವು. ಒಂದು ಕಾಗದ ಹಿಂದಕ್ಕೆ ಬಂದರೆ ಅಚ್ಚರಿಪಡಬೇಕಾಗಿಲ್ಲ.

ನಿಮ್ಮ ಕಾಲದ ಊರುಗಳು ನಮ್ಮ ಕಾಲಡಿಯಲ್ಲಿವೆ. ಅವುಗಳ ಮೇಲೆ ತಳಗಂಬ ನೆಟ್ಟು ಮನೆ ಕಟ್ಟಿಕೊಂಡಿದ್ದೇವೆ. ತಳಗಂಬವೆಂದರೆ ನೀರು ಏರಿದಾಗ ಮನೆಯನ್ನು ಏರಿಸಿ, ಇಳಿದಾಗ ಇಳಿಸುವ ಕಂಬ. ಮನೆಯ ಬದಿಗೆ ತೇಲುಮಡಿಗಳಿವೆ. ಜೊಂಡು ಹೆಣೆದು, ಮೇಲೆ ಕೆಸರು ಹರವಿ, ಅದರಲ್ಲಿ ಮೆಂತ್ಯ, ಪುಂಡಿಪಲ್ಲೆ, ಉಳ್ಳಾಗಡ್ಡಿ ಬೆಳೆಯುತ್ತೇವೆ. ಹೊತ್ತು ಮೂಡುವ ಮೊದಲೇ ಹೆಂಗಸರು ಸೊಪ್ಪು ಕೊಯ್ದು ಕಟ್ಟು ಕಟ್ಟುತ್ತಾರೆ. ಗಂಡಸರು ಬಲೆ ಎಳೆಯುತ್ತಾರೆ, ಇಲ್ಲವೆ ಎಳೆಯುತ್ತಿದ್ದೇವೆ ಎಂದು ಹೇಳಿಕೊಂಡು ಮಲಗಿರುತ್ತಾರೆ. ರೊಟ್ಟಿ ಬಡಿಯುವ ಸದ್ದು ಮನೆಯಿಂದ ಮನೆಗೆ ನೀರಿನ ಮೇಲೆ ಹೋಗುತ್ತದೆ. ಸಂತೆ ಇರುವುದು ಆಚೆ ದಡದ ಗುಡ್ಡಪೇಟೆಯಲ್ಲಿ. ಆಸ್ಪತ್ರೆ, ಶಾಲೆ, ಕಚೇರಿ ಎಲ್ಲವೂ ಅಲ್ಲೇ. ಅಲ್ಲಿಗೆ ಹೋಗಲು ಇರುವುದೊಂದೇ ಸಾಧನ, ಮೂರುಹಾದಿ ಬಂಡಿ.

ಇದು ನಿಮಗೆ ಹೊಸದು, ಆದ್ದರಿಂದ ವಿವರಿಸುತ್ತೇನೆ. ನೆಲದ ಮೇಲೆ ಅದು ಹಳಿ ಹಿಡಿದು ಓಡುತ್ತದೆ. ಹಳಿ ಮುಗಿದ ಕಡೆ ನೀರಿಗೆ ಇಳಿಯುತ್ತದೆ. ಆಗ ಗಾಲಿಗಳು ಒಳಗೆ ಸರಿದು, ಕೆಳಗಿನ ಹೊಟ್ಟೆಬಾಗಿಲು ಮುಚ್ಚಿಕೊಳ್ಳಬೇಕು. ನಡುನೀರಿಗೆ ಬಂದಾಗ ಬಂಡಿ ರೆಕ್ಕೆ ಬಿಚ್ಚಿ ಆಳೆತ್ತರ ಮೇಲೆದ್ದು ಹಾರುತ್ತದೆ. ಹೊಟ್ಟೆಬಾಗಿಲು ಸರಿಯಾಗಿ ಮುಚ್ಚದಿದ್ದರೆ ಒಳಗೆ ನೀರು ತುಂಬಿ ಭಾರವಾಗಿ, ಏಳುವಾಗಲೇ ಮುಗ್ಗರಿಸುತ್ತದೆ. ಕಳೆದ ತಿಂಗಳು ಆದದ್ದು ಅದೇ. ಸಂತೆಗೆ ಹೊರಟಿದ್ದ ನಮ್ಮ ಮೂವತ್ತು ಜನ ಸತ್ತರು. ಬಂಡಿ ನಡುವೆ ಮುರಿದು ಎರಡಾಯಿತು. ಮುಂದಿನ ಅರ್ಧ ದಡಕ್ಕೆ ಬಂತು. ಹಿಂದಿನ ಅರ್ಧ, ಹೊಟ್ಟೆಬಾಗಿಲಿನ ಸಮೇತ, ಕೆಸರಿನಲ್ಲಿ ಹೂತು, ಬೆನ್ನಷ್ಟೇ ನೀರಿನ ಮೇಲೆ ಕಾಣುವಂತೆ ಕುಳಿತಿದೆ.

ಬಂಡಿ ಓಡಿಸುತ್ತಿದ್ದವಳು ಹುಲಿಗೆವ್ವ ಅಂಬಿಗೇರ. ಅವಳೂ ಸತ್ತಳು. ತಲೆಮಾರುಗಳಿಂದ ಹರಿಗೋಲು ಹಾಕಿದ ಮನೆತನದ ಹೆಣ್ಣು. ಬಾಗಿಲು ಕೂಡಿಕೊಳ್ಳುತ್ತಿಲ್ಲ ಎಂದು ಅವಳು ಬಂಡಿಗಳನ್ನು ನಡೆಸುವ ಮಂಡಳಿಯವರಿಗೆ ಮತ್ತೆ ಮತ್ತೆ ಹೇಳಿದ್ದನ್ನು ಇಡೀ ಹಟ್ಟಿ ಕೇಳಿದೆ. ಯಾಕೆಂದರೆ ಹುಲಿಗೆವ್ವನಿಗೆ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ.

ತನಿಖೆಗೆ ಮೂರು ಇಲಾಖೆಗಳು ಬಂದವು. ಹಳಿ ಇಲಾಖೆಯವರು ನೋಡಿ, ಬಂಡಿ ಹಳಿ ಬಿಟ್ಟಾಗಿತ್ತು, ಇದು ನಮ್ಮದಲ್ಲ ಎಂದರು. ನೀರು ಇಲಾಖೆಯವರು, ಬಂಡಿ ಮೇಲೆದ್ದಿತ್ತು, ನಮ್ಮದಲ್ಲ ಎಂದರು. ಗಾಳಿ ಇಲಾಖೆಯವರು ಅಡಿಪಟ್ಟಿ ಹಿಡಿದು ಅಳೆದು, ಪೂರ್ತಿ ಎದ್ದಿರಲಿಲ್ಲ, ಆದ್ದರಿಂದ ನಮ್ಮದೂ ಅಲ್ಲ ಎಂದರು. ನಮ್ಮವರು ಸತ್ತದ್ದು ಎಲ್ಲಿ ಹಾಗಾದರೆ? ಕೊನೆಗೆ ತನಿಖೆ ಬಂಡಿ ಓಡಿಸುವ ಮಂಡಳಿಗೇ ಹೋಯಿತು. ತೋಳನನ್ನು ಕರೆದು, ಕುರಿ ಹೇಗೆ ಸತ್ತಿತು ನೋಡಪ್ಪ ಎಂದ ಹಾಗೆ.

ಮಂಡಳಿಯ ತನಿಖಾಧಿಕಾರಿ ದೇಸಾಯಿ ಸಾಹೇಬರು ಬಂದು ಬದುಕಿದವರಲ್ಲಿ ಒಬ್ಬಳನ್ನು ಕೂರಿಸಿಕೊಂಡರು. ಉಳ್ಳಾಗಡ್ಡಿ ಮಾರುವ ಫಕೀರವ್ವ. ಬಂಡಿ ಏಳುವ ಮೊದಲೇ ಕಾಲ ಬಳಿ ನೀರು ಬಂದಿತ್ತು, ನಾನು ಒದರಿದೆ, ಎಂದು ಹೇಳಿದಳು. ಸಾಹೇಬರು ಹುಬ್ಬು ಗಂಟಿಕ್ಕಿ, “ನೀನೇನು ಎಂಜಿನಿಯರಾ?” ಎಂದರು. “ಅಲ್ರೀ ಯಪ್ಪಾ, ಕಾಲು ತೋಯ್ಸಿಕೊಂಡಾಕಿ,” ಎಂದಳು ಫಕೀರವ್ವ. ಸುತ್ತ ನಿಂತವರು ನಕ್ಕರು. ಸಾಹೇಬರು ಅವಳನ್ನು ಎಬ್ಬಿಸಿ ಕಳಿಸಿದರು. ಅವಳ ಮಾತು ಅಲ್ಲಿಗೇ ಮುಗಿಯಿತು.

ಈಗ ನಮ್ಮ ಕಡೆಯ ಮಾತು ಹೇಳುತ್ತೇನೆ, ಅದೂ ಸಿಟ್ಟು ತರಿಸುವಂಥದ್ದೇ. ಅಂಬಿಗರಲ್ಲಿ ಒಂದು ಪದ್ಧತಿ ಇದೆ. ಜೀವ ತಿಂದ ದೋಣಿಯನ್ನು ಹಾಗೇ ಬಿಡಬಾರದು. ಬೂದಿ, ಹುಣಸೆಹಣ್ಣು, ಅರಿಸಿನದ ನೀರಿನಿಂದ ಅದನ್ನು ತಿಕ್ಕಿ ತೊಳೆಯಬೇಕು. ಸತ್ತವರ ಕೈ ಹತ್ತಿದ ತುಂಡುಗಳನ್ನು ನೀರಿನ ತಾಯಿ ಗಂಗವ್ವನಿಗೆ ಉಡಿ ತುಂಬಿ ಒಪ್ಪಿಸಬೇಕು. ಇಲ್ಲದಿದ್ದರೆ ಸತ್ತ ಜೀವ ದೋಣಿಯಲ್ಲೇ ಕುಳಿತಿರುತ್ತದೆ. ಹುಲಿಗೆವ್ವನ ತಾಯಿ ತಿಪ್ಪವ್ವ ಮುಂದೆ ನಿಂತು ದಡಕ್ಕೆ ಬಂದ ಅರ್ಧವನ್ನು ತೊಳೆಸಿದಳು. ಮಗಳು ಹಿಡಿದಿದ್ದ ಸನ್ನೆಗೋಲುಗಳನ್ನು, ಬಾಗಿಲು ಮುಚ್ಚಿತೋ ಇಲ್ಲವೋ ತೋರಿಸುವ ಸೂಚಿಗಳನ್ನು ಬಿಚ್ಚಿ, ಹಸಿರು ಖಣದಲ್ಲಿ ಕಟ್ಟಿ, ನಡುನೀರಿಗೆ ಬಿಟ್ಟಳು. ದೇಸಾಯಿ ಸಾಹೇಬರು ಪಾದರಕ್ಷೆ ಕಳಚಿ ಕೈಮುಗಿದು ನಿಂತಿದ್ದರು. ನಡುನೀರಿಗೆ ಹೋಗಲು ಮಂಡಳಿಯ ದೋಣಿಯನ್ನೇ ಕೊಟ್ಟರು. ಕಾಯಿಯನ್ನೂ ತಾವೇ ತರಿಸಿಕೊಟ್ಟರು. ಎಂಥ ಒಳ್ಳೆಯ ಮನುಷ್ಯ ಎಂದು ನಮ್ಮ ಹಿರಿಯರು ಕಣ್ಣು ಒರೆಸಿಕೊಂಡರು.

ಹದಿನೈದು ದಿನ ಕಳೆದ ಮೇಲೆ ವರದಿ ಬಂತು. ಹುಲಿಗೆವ್ವ ಆತುರಪಟ್ಟು ಬಂಡಿ ಎಬ್ಬಿಸಿದಳು, ಬೇರೆ ಕಾರಣ ಹುಡುಕಲು ಸಾಕ್ಷ್ಯವಿಲ್ಲ, ಸಾಕ್ಷ್ಯವನ್ನು ಮೃತರ ಬಂಧುಗಳೇ ತೊಳೆದು ನೀರಿಗೆಸೆದಿದ್ದಾರೆ. ಹೀಗಿತ್ತು ಅದರ ಒಕ್ಕಣೆ. ಯಾರ ಕಣ್ಣೀರಿನ ಮುಂದೆ ಕೈಮುಗಿದಿದ್ದರೋ ಅದೇ ಕಣ್ಣೀರನ್ನು ಅಪರಾಧ ಎಂದು ಬರೆದರು. ಅದು ಸಾಕ್ಷ್ಯ ಎಂದು ತಿಳಿದಿದ್ದ ಸಾಹೇಬರು ಆಗಲೇ ತಡೆಯಬಹುದಿತ್ತು. ಅವ್ವಾ, ಇದನ್ನು ಮುಟ್ಟಬೇಡ, ನಿನ್ನ ಮಗಳ ಸಾವಿನ ಕಾರಣ ಇದರಲ್ಲಿದೆ ಎಂದು ಒಂದು ಮಾತು ಹೇಳಿದ್ದರೆ ಸಾಕಾಗಿತ್ತು. ಹೇಳಲಿಲ್ಲ. ಕಾಯಿ ಕೊಟ್ಟರು. ನಮ್ಮನ್ನು ತುಳಿದವರು ನಮ್ಮ ಭಕ್ತಿಯನ್ನು ನಮಗಿಂತ ಚೆನ್ನಾಗಿ ಬಲ್ಲರು. ಅದನ್ನು ಹಗ್ಗ ಮಾಡಿ ನಮ್ಮನ್ನೇ ಕಟ್ಟಿಹಾಕುತ್ತಾರೆ.

ಕೆಸರಿನಲ್ಲಿ ಇನ್ನೊಂದು ಅರ್ಧ ಉಳಿದಿದೆ. ಬರುವ ಸೋಮವಾರ ಅದನ್ನು ಎತ್ತಿ, ಕತ್ತರಿಸಿ, ಕರಗಿಸುತ್ತೇವೆ ಎಂದು ಮಂಡಳಿ ಡಂಗುರ ಸಾರಿಸಿದೆ. ನೀರು ಕೊಳೆಯುತ್ತದಂತೆ. ಇಷ್ಟು ದಿನ ನಮ್ಮ ನೀರಿನ ಚಿಂತೆ ಇರಲಿಲ್ಲ ಅವರಿಗೆ.

ನಿನ್ನೆ ಹಟ್ಟಿಯವರೆಲ್ಲ ಸೇರಿದ್ದೆವು. ಬಹಳ ಜನಕ್ಕೆ ಅದನ್ನೂ ತೊಳೆದುಬಿಡಬೇಕು ಎಂದೇ ಇತ್ತು. ಅರ್ಧ ತೊಳೆದು ಅರ್ಧ ಬಿಟ್ಟರೆ ಹುಲಿಗೆವ್ವ ಎತ್ತಲೂ ಇಲ್ಲದವಳಾಗುತ್ತಾಳೆ, ಅರಿಸಿನ ತನ್ನಿ, ಎಂದು ಹಿರಿಯ ಯಲಗೂರಪ್ಪ ಎದ್ದು ನಿಂತ. ತೊಳೆದರೆ ಬಾಗಿಲಿನ ಸವೆತದ ಗುರುತೂ ಹೋಗುತ್ತದೆ, ನಾವೇ ಮಂಡಳಿಯ ಕೆಲಸ ಮುಗಿಸಿಕೊಟ್ಟಂತಾಗುತ್ತದೆ, ಎಂದು ನಾನು ಹೇಳಿದೆ. ಯಾರೂ ಕೇಳಲಿಲ್ಲ. ಆಗ ತಿಪ್ಪವ್ವ ಕೂತಲ್ಲಿಂದಲೇ ಮಾತಾಡಿದಳು. “ಯಲಗೂರಣ್ಣ, ಕುಂದ್ರು. ಹೆತ್ತಾಕಿ ನಾನು. ಆ ಬಂಡಿ ಹೊಲಸಾಗೇ ಇರ್ಲಿ, ಒಂದು ಹನಿ ನೀರು ಹಾಕಬ್ಯಾಡ್ರಿ.” ಮಗಳ ಜೀವ ಅಲ್ಲೇ ಕುಳಿತಿರುತ್ತದಲ್ಲ ಎಂದು ಅವನು ಮೆಲ್ಲಗೆ ಕೇಳಿದ. “ಕುಂದ್ರಲಿ. ಬದುಕಿದ್ದಾಗ ಒಂದು ದಿನ ಕುಂತಾಕಿ ಅಲ್ಲ. ಈಗ ಕುಂತು ಆ ಬಾಗ್ಲಾ ಕಾಯ್ಲಿ. ಕಾರಣ ಸಿಕ್ಕ ಮ್ಯಾಲೆ ನಾನಽ ಬಂದು ತೊಳಿತೀನಿ. ಗಂಗವ್ವಗೂ ಹೇಳೀನಿ, ತುಸು ತಡಿ ಅಂತ.” ಯಲಗೂರಪ್ಪ ಕುಳಿತ. ನಮ್ಮ ಕುಲದಲ್ಲಿ ಇಂಥ ಮಾತನ್ನು ಈ ಮೊದಲು ಯಾವ ತಾಯಿಯೂ ಆಡಿದ್ದಿಲ್ಲ.

ಹಿರಿಯರೇ, ನಿಮ್ಮ ಕಾಲದ ಒಂದು ಮಾತು ನಮ್ಮವರೆಗೂ ಬಂದು ಮುಟ್ಟಿದೆ. ಅಪಘಾತದ ತನಿಖೆ ನಡೆಯುವುದು ಯಾರನ್ನೋ ಗಲ್ಲಿಗೇರಿಸಲಿಕ್ಕಲ್ಲ, ಮುಂದಿನ ಸಾವನ್ನು ತಡೆಯಲಿಕ್ಕೆ ಎಂಬುದು ಆ ಮಾತು. ಬಲು ದೊಡ್ಡ ಮಾತು. ಅದನ್ನು ನೀವು ಭಾಷಣದಲ್ಲಿ ಬಿಟ್ಟಿರೋ, ಕೈಯಲ್ಲಿ ಹಿಡಿದಿರೋ ನನಗೆ ಗೊತ್ತಿಲ್ಲ. ನಮ್ಮ ಕೈಗಂತೂ ಬರಲಿಲ್ಲ. ಅದಕ್ಕೇ ಕೇಳುತ್ತಿದ್ದೇನೆ. ರೈಲು ಉರುಳಿದಾಗ, ಹಡಗು ಮುಳುಗಿದಾಗ, ವಿಮಾನ ಬಿದ್ದಾಗ, ಚಾಲಕನ ತಪ್ಪು ಎಂದು ಯಾರಾದರೂ ಬೇಗ ಹೇಳಿದರೆ ನಂಬಬೇಡಿ. ಅವನ ಕೈಗೆ ಆ ಯಂತ್ರ ಕೊಟ್ಟವರು ಯಾರು, ಸರಿಯಿಲ್ಲ ಎಂದಾಗ ಕಿವಿ ಮುಚ್ಚಿದವರು ಯಾರು ಎಂದು ಕೇಳಿ. ಮುರಿದದ್ದನ್ನು ಗುಡಿಸುವ ಮೊದಲು ಅಡ್ಡ ನಿಲ್ಲಿ. ಓಡಿಸುವವರನ್ನೂ ಹುಡುಕುವವರನ್ನೂ ಒಂದೇ ಸೂರಿನಡಿ ಕೂರಿಸಲು ಬಿಡಬೇಡಿ. ನೀವು ಈಗ ಸುಮ್ಮನಿದ್ದರೆ ಮುಳುಗುವವರು ನಾವು.

ನಾವು ಆ ಅರ್ಧ ಬಂಡಿಯ ಮೇಲೆ ಹೋಗಿ ಕೂರಲಿದ್ದೇವೆ. ಮಂಡಳಿಗೆ ಸೇರದ ಪರೀಕ್ಷಕರು ಬಂದು, ನಮ್ಮೆಲ್ಲರ ಎದುರಿಗೆ ಹೊಟ್ಟೆಬಾಗಿಲನ್ನು ಬಿಚ್ಚಿ ನೋಡುವವರೆಗೆ ಏಳುವುದಿಲ್ಲ. ಅಲ್ಲೇ ಕಾರಣಸಭೆ ನಡೆಯುತ್ತದೆ. ಅಲ್ಲಿ ಶಿಕ್ಷೆ ಕೊಡುವುದಿಲ್ಲ, ಕಾರಣ ಕೇಳುತ್ತೇವೆ. ಮೊದಲು ಮಾತಾಡುವವಳು ಫಕೀರವ್ವ. ದೇಸಾಯಿ ಸಾಹೇಬರಿಗೂ ಕರೆ ಹೋಗಿದೆ. ಕತ್ತರಿಸುವವರು ಎಂಟು ಗಂಟೆಗೆ ಬರುತ್ತಾರೆ.

ಸಭೆ ಸೋಮವಾರ ಬೆಳಗ್ಗೆ ಏಳಕ್ಕೆ.

ದ್ಯಾಮವ್ವ ತಳವಾರ
ತೇಲುಹಟ್ಟಿ ಹೋರಾಟ ಸಮಿತಿಯ ಪರವಾಗಿ