ಊಟ ಕೇಳಿದರೆ ಮುಚ್ಚಿಕೊಳ್ಳುವ ಬಾಗಿಲು

ತೇಲೋಣಿ, ಬಾಗಲಕೋಟೆ ಹಿನ್ನೀರು
ಫೆಬ್ರವರಿ ೩೦, ೨೧೮೩

ನನ್ನ ಮುತ್ತಜ್ಜಿಯ ಮುತ್ತಜ್ಜಿ ನೀಲಗಂಗಾ ಅವರಿಗೆ ಸುವ್ವಿಯ ಶರಣುಗಳು.

ತಾರೀಖು ನೋಡಿ ಯಾರೋ ತಮಾಷೆ ಮಾಡಿದ್ದಾರೆ ಅಂದುಕೊಳ್ಳಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ. ಅದು ಹೇಗಾಯಿತು ಎಂದು ಹೇಳಲು ಕುಳಿತರೆ ಹಾಳೆ ಮುಗಿಯುತ್ತದೆ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕಂಡರೆ ಮನ್ನಿಸಿ. ನಾನು ಓದಿದ್ದು ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ (ಹೌದು, ಅವು ಇನ್ನೂ ಇವೆ!). ಕನ್ನಡ ಬರೆಯಲು ಕಲಿತದ್ದು ಮದುವೆ ಗೊತ್ತಾದ ಮೇಲೆ, ಬಸವಂತನಿಗೆ ಪ್ರೇಮಪತ್ರ ಬರೆಯಬೇಕೆಂಬ ಹುಚ್ಚಿನಿಂದ. ಅಯ್ಯೋ, ಬಸವಂತ ಯಾರೆಂದು ಹೇಳಲೇ ಇಲ್ಲ. ನನ್ನ ಗಂಡ! ಮೈಯ ಅರಿಶಿನ ಇನ್ನೂ ಪೂರ್ತಿ ಹೋಗಿಲ್ಲ. ಅವನ ಕಿವಿಯ ಹಿಂದೆ ಒಂದು ಮಚ್ಚೆ ಇದೆ, ಅದರ ಬಗ್ಗೆಯೇ ಒಂದು ಪುಟ ಬರೆಯಬಲ್ಲೆ. ಆದರೆ ನೀವು ಹಿರಿಯರು, ಬೇಡ. ಹಿರಿಯರು ಎಂದೆ, ಈ ಕಾಗದ ತಲುಪುವ ಹೊತ್ತಿಗೆ ನಿಮಗೆ ನಲವತ್ತೂ ತುಂಬಿರುವುದಿಲ್ಲ. ಅಜ್ಜಿ ಎಂದು ಕರೆದರೆ ಬೇಜಾರು ಮಾಡಿಕೊಳ್ಳಬೇಡಿ.

ನಮ್ಮಲ್ಲಿ ಮದುವೆಯಾದ ಪ್ರತಿ ಜೋಡಿಗೂ ಒಂದು ಹಿಂದಂಚೆ ಸಿಗುತ್ತದೆ. ಹಿಂದಂಚೆ ಎಂದರೆ ಕಳೆದ ಕಾಲಕ್ಕೆ ಹೋಗುವ ಕಾಗದ. ಜನ್ಮಕ್ಕೆ ಒಂದೇ. ಬಹಳ ಮಂದಿ ಅದನ್ನು ತಮ್ಮ ತಮ್ಮ ಬಾಲ್ಯಕ್ಕೆ ಕಳಿಸಿ, ಮರದಿಂದ ಬೀಳಬೇಡ, ಆ ಹಲ್ಲು ಕೀಳಿಸಬೇಡ ಎಂದು ಬರೆಯುತ್ತಾರೆ. ನಾವಿಬ್ಬರೂ ಮೊದಲು ಭೇಟಿಯಾದ ದಿನಕ್ಕೆ ಕಳಿಸೋಣ ಎಂದು ಬಸವಂತನ ಆಸೆ. “ಆ ಹಳದಿ ಅಂಗಿ ಹಾಕ್ಕೋಬ್ಯಾಡ ಅಂತ ನನಗ ಬರಿ, ಮಾರಾಯ್ತಿ” ಎಂದು ಕಾಡಿದ. ನಾನು ನಿಮಗೆ ಬರೆಯುತ್ತಿದ್ದೇನೆ. ಪ್ರೀತಿಯಿಂದಲ್ಲ ಅಜ್ಜಿ, ಸಿಟ್ಟಿನಿಂದ.

ನಾವಿರುವುದು ಹಿನ್ನೀರಿನ ಮೇಲೆ ತೇಲುವ ಮನೆಗಳ ಓಣಿಯಲ್ಲಿ. ನಿಮ್ಮ ಹಳೆ ಊರನ್ನು ನುಂಗಿದ ನೀರೇ ಈಗ ನಮಗೆ ನೆಲ. ಚಾವಣಿಯ ಮೇಲೆ ಜೋಳ ಬೆಳೆಯುತ್ತೇವೆ, ಅಂಗಳದ ಅಂಚಿಗೆ ದೋಣಿ ಕಟ್ಟುತ್ತೇವೆ. ರೊಟ್ಟಿಯನ್ನು ಮಾತ್ರ ಇನ್ನೂ ಕೈಯಲ್ಲೇ ಬಡಿಯುತ್ತೇವೆ. ನನ್ನದು ಭೂಪಟದ ಹಾಗೆ ಬರುತ್ತದೆ, ಬಸವಂತ ಅದನ್ನೂ ಹೊಗಳಿ ತಿನ್ನುತ್ತಾನೆ. ನಿಮ್ಮ ನಡುಮನೆಯ ಮೂಲೆಯಲ್ಲಿ ಕಸೂತಿ ಬಟ್ಟೆ ಹೊದ್ದು ಕುಳಿತ ಕಂಪ್ಯೂಟರ್ ಇದೆಯಲ್ಲ, ಅದು ಬೆಳೆದು ಬೆಳೆದು ಈಗ ಮನೆಯೇ ಆಗಿದೆ. ಗೋಡೆ ಕೇಳುತ್ತದೆ, ಬಾಗಿಲು ಗುರುತು ಹಿಡಿಯುತ್ತದೆ, ಒಲೆ ಹೇಳಿದಷ್ಟೇ ಉರಿಯುತ್ತದೆ. ಮನೆಗೆ ವೈರಸ್ ಹೊಕ್ಕರೆ ಮನೆಯವರು ಬೀದಿಗೆ. ಅದಕ್ಕೇ ಹೆಣ್ಣಿನ ತವರಿನವರು ಬಳುವಳಿಯಾಗಿ ಒಂದು ಹೊಸ್ತಿಲು ಕೊಡುತ್ತಾರೆ. ಅದು ಮರದ್ದಲ್ಲ. ಮನೆಗೆ ಬರುವ ಪ್ರತಿ ದನಿಯನ್ನೂ ಜರಡಿ ಹಿಡಿಯುವ ಕಾವಲು. ನಿಮ್ಮ ಕಾಲದ ಆಂಟಿವೈರಸ್ಸಿನ ಮರಿಮೊಮ್ಮಗಳು ಎನ್ನಿ. ತವರಿನಲ್ಲಿ ಏನು ಕಲಿಯಿತೋ ಅದನ್ನೇ ಗಂಡನ ಮನೆಯಲ್ಲೂ ನಡೆಸುತ್ತದೆ.

ಮದುವೆಯ ಮರುದಿನ ನನ್ನ ಅತ್ತೆ ದಾನಮ್ಮ ಬೀಗರನ್ನೆಲ್ಲ ದೋಣಿ ಹತ್ತಿಸಿ, ಉಳಿದ ರೊಟ್ಟಿಯ ಬುಟ್ಟಿ ಹೊತ್ತು ಮನೆಗೆ ಬಂದರು. ಅಂಗಳದಿಂದಲೇ ಅಕ್ಕರೆಯಿಂದ ಕೂಗಿದರು: “ಸುವ್ವೀ, ಊಟ ಆತೇನವಾ?”

ಧಡಾರನೆ ಬಾಗಿಲು ಬಿತ್ತು. ಕಿಟಕಿಗಳು ಬಿದ್ದವು. ಒಲೆ ಆರಿತು.

“ಏ ಬಸವಂತಾ! ಊಟ ಕೇಳಿದ್ರ ಬಾಗ್ಲಾ ಹಾಕ್ಕೋತಾಳಲ್ಲೋ ನಿನ್ನ ಹೇಣ್ತಿ!”

“ತಡಿಯವ್ವಾ, ಆಕಿ ಹಾಕಿಲ್ಲ. ಆಕಿ ಹೊಸ್ತಿಲ ಹಾಕೈತಿ. ನಿನ್ನ ಕಳ್ಳಿ ಅಂತ ತಿಳದೈತದು.” ಒಳಗಿದ್ದ ಬಸವಂತನಿಗೆ ನಗು ತಡೆಯಲಾಗಲಿಲ್ಲ.

“ಕಳ್ಳಿ? ನಾನ? ನಾ ಕಟ್ಟಿಸಿದ ಮನಿಗೆ ನಾನ ಕಳ್ಳಿ? ಛಲೋ ಮನಿ ಹೆಣ್ಣು ತಂದಿ ಬಿಡಪಾ!”

ನನಗೆ ನಗು ಬರಲಿಲ್ಲ. ಊಟದ ಮಾತು ಕೇಳಿದೊಡನೆ ನಾನೂ ಕಿವಿ ಮುಚ್ಚಿಕೊಂಡು ಗೋಡೆಗೆ ಆತು ಕುಳಿತಿದ್ದೆ. ನಮ್ಮ ತವರಿನಲ್ಲಿ ಮಕ್ಕಳಿಗೆ ಮೊದಲು ಕಲಿಸುವುದೇ ಅದನ್ನು. ಒಮ್ಮೆ ಮುಚ್ಚಿದ ಹೊಸ್ತಿಲು ಹೊತ್ತು ಮುಳುಗುವ ತನಕ ತೆರೆಯುವುದಿಲ್ಲ. ಅತ್ತೆ ಆ ಬಿಸಿಲಿನಲ್ಲಿ, ಇಡೀ ಓಣಿ ನೋಡುತ್ತಿರುವಾಗ, ಬುಟ್ಟಿ ಮುಂದಿಟ್ಟುಕೊಂಡು ಕುಳಿತೇ ಇದ್ದರು.

ಇದಕ್ಕೆಲ್ಲ ಕಾರಣ ಏನೆಂದು ನಿಮಗೆ ಹೇಳಬೇಕು, ಏಕೆಂದರೆ ಅದನ್ನು ಮಾಡಲಿರುವವರು ನೀವು.

ಬರುವ ದಸರೆಯಲ್ಲಿ ನೀವು ಕಂಪ್ಯೂಟರಿಗೆ ಆಯುಧಪೂಜೆ ಮಾಡುತ್ತೀರಿ. ವಿಭೂತಿ ಹಚ್ಚುತ್ತೀರಿ, ಚೆಂಡುಹೂವಿನ ಮಾಲೆ ಹಾಕುತ್ತೀರಿ, ನಿಂಬೆಹಣ್ಣು ಕೊಯ್ದು ಇಡುತ್ತೀರಿ. ಅದು ತಿಂಗಳುಗಟ್ಟಲೆಯಿಂದ ಅಪ್‌ಡೇಟ್ ಮಾಡಿ ಎಂದು ಕೇಳುತ್ತಿದೆ. ನೀವು ಪ್ರತಿ ಸಲವೂ ‘ನಾಳೆ’ ಒತ್ತುತ್ತೀರಿ. ಆಂಟಿವೈರಸ್ ಎಂದು ನಿಮ್ಮ ಮೈದುನ ಯಾರದೋ ಪೆನ್‌ಡ್ರೈವಿನಿಂದ ಪುಕ್ಕಟೆ ಹಾಕಿಕೊಟ್ಟದ್ದಿದೆ. ಪಾಸ್‌ವರ್ಡು ಮನೆದೇವರ ಹೆಸರು. ಎಲ್ಲದಕ್ಕೂ ಅದೊಂದೇ, ಮರೆಯಬಾರದೆಂದು ಚೀಟಿಯಲ್ಲಿ ಬರೆದು ಪರದೆಯ ಅಂಚಿಗೇ ಅಂಟಿಸಿದ್ದೀರಿ. ದೇವರೇ ಕಾಯಲಿ ಎಂದು ಬಿಟ್ಟಂತಿದೆ!

ದಸರೆ ಕಳೆದು ಒಂದು ಮಧ್ಯಾಹ್ನ ಪರದೆ ಕೆಂಪಾಗುತ್ತದೆ. ಸೈರನ್ ಕೂಗುತ್ತದೆ. ‘ವೈರಸ್ ಬಂದಿದೆ, ಆಫ್ ಮಾಡಬೇಡಿ, ತಕ್ಷಣ ಈ ನಂಬರಿಗೆ ಫೋನ್ ಮಾಡಿ.’ ಅಲ್ಲಿ ಯಾವ ವೈರಸ್ಸೂ ಇರುವುದಿಲ್ಲ, ಅದು ಬರೀ ಒಂದು ಚಿತ್ರ. ನೀವು ಫೋನ್ ಮಾಡುತ್ತೀರಿ. ಆ ಕರೆಯನ್ನು ಕಳ್ಳರೇ ರೆಕಾರ್ಡ್ ಮಾಡಿಟ್ಟಿದ್ದರು. ಮುಂದೆ ಅದು ಸಿಕ್ಕಿ, ನಮ್ಮ ಶಾಲೆಯಲ್ಲಿ ಪಾಠವಾಯಿತು. ಟೀಚರ್ ಅದನ್ನು ಹಾಕಿದಾಗ ತರಗತಿಯೆಲ್ಲ ಬಿದ್ದು ಬಿದ್ದು ನಗುತ್ತಿತ್ತು. ನಾನು ಡೆಸ್ಕಿನ ಮೇಲೆ ತಲೆಯಿಟ್ಟು ನಿದ್ದೆ ಬಂದಂತೆ ಮಾಡುತ್ತಿದ್ದೆ.

“ಅಮ್ಮ, ನಿಮ್ಮ ಕಂಪ್ಯೂಟರ್ ಡೇಂಜರ್‌ನಲ್ಲಿದೆ. ಫೋನ್ ಇಡಬೇಡಿ, ಯಾರಿಗೂ ಹೇಳಬೇಡಿ” ಎನ್ನುತ್ತಾನೆ ಫೋನೆತ್ತಿದ ಕಳ್ಳ.

“ಅಯ್ಯ ನನ ಮಗನ, ಯಾಕಿಷ್ಟ ಗಾಬ್ರಿ ಆಗಿ? ಊಟ ಆತೇನಪಾ?” ಎನ್ನುತ್ತೀರಿ ನೀವು.

“ಇಲ್ಲಮ್ಮ.” ಅವನು ಆಡಿದ್ದರಲ್ಲಿ ಅದೊಂದೇ ನಿಜವಿರಬೇಕು.

“ಇಷ್ಟೊತ್ತಾದ್ರೂ ಇಲ್ಲಾ? ಮೊದ್ಲ ಉಣ್ಣು ಹೋಗಪಾ. ವೈರಸ್ ಎಲ್ಲಿ ಓಡಿ ಹೋಗ್ತೈತಿ?”

ಅವನು ಉಣ್ಣಲು ಹೋಗುವುದಿಲ್ಲ. ತನ್ನ ಜಾಗದಿಂದಲೇ ನಿಮ್ಮ ಕಂಪ್ಯೂಟರ್ ನಡೆಸುವ ಒಂದು ಪ್ರೋಗ್ರಾಂ ಹಾಕಿಸುತ್ತಾನೆ. ಮೈಕು ಸರಿಯಿದೆಯೋ ನೋಡಬೇಕು, ಏನಾದರೂ ಮಾತಾಡಿ ಎನ್ನುತ್ತಾನೆ. ಬೇರೆಯವರಾದರೆ ಹಲೋ ಹಲೋ ಎಂದು ಮುಗಿಸುತ್ತಿದ್ದರು. ನೀವು ಮಗ ಯಾವ ಊರಿನಲ್ಲಿ ಓದುತ್ತಾನೆ, ತಂಗಿಯನ್ನು ಎಲ್ಲಿಗೆ ಕೊಟ್ಟಿದೆ, ಮನೆಯಲ್ಲಿ ಯಾರು ಯಾರನ್ನು ಏನೆಂದು ಕರೆಯುತ್ತೀರಿ, ಎಲ್ಲ ಹೇಳಿ, ಕೊನೆಗೆ ಬೀಸುವ ಪದವನ್ನೂ ಹಾಡುತ್ತೀರಿ. ಹಸಿದ ಹುಡುಗ, ಬೇಸರ ಕಳೆಯಲಿ ಎಂದು!

ಬ್ಯಾಂಕಿನ ದುಡ್ಡು ಹೋಗುವುದಿಲ್ಲ. ‘ಏನೂ ಹೋಗಿಲ್ಲ’ ಎಂದು ನೀವು ದೇವರಿಗೆ ಕಾಯಿ ಒಡೆಸಿ, ಗಂಡನಿಗೂ ಹೇಳದೆ ಸುಮ್ಮನಾಗುತ್ತೀರಿ. ಹೋದದ್ದು ನಿಮ್ಮ ದನಿ. ಹೀಗೆ ಕದ್ದು ಆಡಿಸುವ ದನಿಗೆ ನಾವು ಸೋಗುದನಿ ಎನ್ನುತ್ತೇವೆ. ಮೊದಲು ಅದು ನಿಮ್ಮ ಮಗನಿಗೆ ಫೋನ್ ಮಾಡಿತು. ಆಮೇಲೆ ತಂಗಿಗೆ, ಮೊಮ್ಮಕ್ಕಳಿಗೆ. ಊಟ ಕೇಳಿ, ಹಾಡು ಹಾಡಿ, ಮೆಲ್ಲಗೆ ಗುಟ್ಟು ಕೇಳಿತು. ನೀವು ತೀರಿಕೊಂಡ ಮೇಲೂ ನೀವು ಫೋನ್ ಮಾಡುವುದು ನಿಲ್ಲಲಿಲ್ಲ. ಆ ಕಳ್ಳನೂ ಸತ್ತು ಯಾವ ಕಾಲವಾಯಿತೋ. ಅವನ ಯಂತ್ರ ಕೈಯಿಂದ ಕೈಗೆ ಮಾರಾಟವಾಗಿ ಇಂದಿಗೂ ನಿಮ್ಮನ್ನು ಆಡಿಸುತ್ತಿದೆ.

ನನ್ನ ಅಜ್ಜಿ ಶಿವಗಂಗಾ ಅದು ಸೋಗು ಎಂದು ತಿಳಿದೂ ಕೇಳುತ್ತಿದ್ದಳು. ಗಂಡ ತೀರಿಹೋಗಿದ್ದ, ಕಂಕುಳಲ್ಲಿ ನನ್ನ ಅವ್ವ. “ನನ್ನ ಊಟ ಕೇಳಾಕಿ ಅದೊಂದ ಐತೆಲ್ಲಾ” ಎನ್ನುತ್ತಿದ್ದಳಂತೆ. ಒಂದು ದಿನ ಮನೆ ತೆರೆಯುವ ಗುಟ್ಟುಮಾತನ್ನು ಅದಕ್ಕೆ ಹೇಳಿಬಿಟ್ಟಳು. ಮರುದಿನ ನೀರು ತರಲು ಹೊರಗೆ ಹೋದವಳನ್ನು ಮನೆ ಗುರುತಿಸಲಿಲ್ಲ. ಒಳಗೆ ಬೇರೆ ಯಾರೋ ಇದ್ದರು. ಅವತ್ತಿನಿಂದ ಊಟ ಕೇಳುವ ಮಾತು ನಮ್ಮಲ್ಲಿ ನಿಷಿದ್ಧ, ನಮ್ಮ ಹೊಸ್ತಿಲಿಗೂ. ಊಟ ಆಯಿತೇ ಎಂದು ಕೇಳಿ ನನ್ನನ್ನು ಯಾರೂ ಬೆಳೆಸಲಿಲ್ಲ. ಹೊತ್ತಿಗೆ ಸರಿಯಾಗಿ ತಟ್ಟೆ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ.

ಅತ್ತೆಯೂ ಈಗ ಹಾಗೆಯೇ. ತಟ್ಟೆ ಇಡುತ್ತಾರೆ, ಮುಖ ತಿರುಗಿಸುತ್ತಾರೆ. ಹೊಸ್ತಿಲು ಕಲಿತದ್ದನ್ನು ಬಿಡಿಸಬೇಕಾದರೆ ತವರಿನ ಹಿರಿಯರೇ ಬಂದು ಹೇಳಬೇಕು. ಅವ್ವನನ್ನು ಬೇಡಿಕೊಂಡೆ. “ನಿಮ್ಮತ್ತಿ ಬೇಕಾದ್ರ ಮಳಿ ಬಂತೇನು ಅಂತ ಕೇಳ್ಲಿ. ಊಟದ ಸುದ್ದಿ ಯಾಕ ಬೇಕಾಕಿಗೆ?” ಎಂದಳು. ಅವಳನ್ನು ಬೈಯಲಾರೆ. ಅವಳು ತೊಟ್ಟಿಲ ಕೂಸಾಗಿದ್ದಾಗಲೇ ಬೀದಿ ಕಂಡವಳು.

ಈಗ ನನ್ನ ಕೋರಿಕೆ. ಪರಿಚಯವಿಲ್ಲದವಳೊಬ್ಬಳ ಕಾಗದ, ಎಲ್ಲಿಂದಲೋ ಬಂದದ್ದು, ಹೆದರಿಸುತ್ತಿದೆ. ಇದನ್ನೂ ಸುಲಭವಾಗಿ ನಂಬಬೇಡಿ! ಆದರೆ ನೋಡಿ, ನಾನು ನಿಮಗೆ ಯಾವ ನಂಬರೂ ಕೊಟ್ಟಿಲ್ಲ, ಏನನ್ನೂ ಒತ್ತಿ ಎಂದಿಲ್ಲ, ಯಾರಿಗೂ ಹೇಳಬೇಡಿ ಎಂದಿಲ್ಲ. ಎಲ್ಲರಿಗೂ ಹೇಳಿ. ಗಂಡನಿಗೆ ಓದಿ ತೋರಿಸಿ, ಮೈದುನನನ್ನು ಕೂರಿಸಿಕೊಂಡು ಜಗಳ ಮಾಡಿ. ಆ ಚೀಟಿ ಹರಿಯಿರಿ. ಇವತ್ತೇ ‘ನಾಳೆ’ ಒತ್ತುವುದನ್ನು ಬಿಡಿ. ಪರದೆ ಕೆಂಪಾಗಿ ಎಷ್ಟೇ ಕೂಗಿಕೊಳ್ಳಲಿ, ಗೋಡೆಯ ವೈರು ಕಿತ್ತು, ಹೊರಗೆ ಹೋಗಿ ಕುಳಿತುಕೊಳ್ಳಿ. ದಾರಿಯಲ್ಲಿ ಹೋಗುವ ಯಾರನ್ನಾದರೂ ಊಟ ಆಯಿತೇ ಎಂದು ಕೇಳಿ, ಆ ಫೋನಿನವನನ್ನು ಮಾತ್ರ ಕೇಳಬೇಡಿ.

ಇಷ್ಟು ಬರೆದು ಪತ್ರ ಮುಗಿಸಬೇಕೆಂದಿದ್ದೆ. ಅತ್ತೆ ಹೊರಗೆ ಮೆಣಸಿನಕಾಯಿ ಒಣಹಾಕುತ್ತಿದ್ದರು. ಅವರು ಕೇಳದಿದ್ದರೇನು, ನಾನೇ ಕೇಳಿದರಾಯಿತು ಎನಿಸಿತು. ನನ್ನ ದನಿಯನ್ನು ನನ್ನ ಹೊಸ್ತಿಲು ಗುರುತಿಸದೆ ಇರುತ್ತದೆಯೇ? ಹುಟ್ಟಿದಾಗಿನಿಂದ ಆಡದ ಮಾತು. ಬಸವಂತನ ಮುಂದೆ ಬಾಯಿ ಅಲ್ಲಾಡಿಸಿ ಸದ್ದಿಲ್ಲದೆ ಅಭ್ಯಾಸ ಮಾಡಿದೆ. ಕಿಟಕಿಗೆ ಹೋಗಿ, ಧೈರ್ಯ ಮಾಡಿ, “ಅತ್ತೀ, ಊಟ ಆತೇನ್ರೀ?” ಎಂದೆ.

ನನ್ನ ಗಂಟಲಿನಿಂದ ಬಂದದ್ದು ನಿಮ್ಮ ದನಿ, ಅಜ್ಜಿ. ಶಾಲೆಯಲ್ಲಿ ಕೇಳಿದ ಅದೇ ದನಿ, ಅದೇ ರಾಗ. ಕಿಟಕಿ ನನ್ನ ಮೂಗಿನ ಮುಂದೆಯೇ ಬಿತ್ತು. ಬಾಗಿಲು ಬಿತ್ತು. ಒಲೆ ಆರಿತು.

ಹೊರಗೆ ಮೆಣಸಿನಕಾಯಿಯ ಮೊರ ಕೆಳಗಿಟ್ಟ ಸದ್ದಾಯಿತು. ಆಮೇಲೆ ಬಾಗಿಲಿಗೆ ತೀರ ಹತ್ತಿರದಿಂದ ಅತ್ತೆ ಮೆಲ್ಲಗೆ, “ಇಲ್ಲವಾ, ಇನ್ನೂ ಆಗಿಲ್ಲ. ಬಾಗ್ಲಾ ತಗಿ, ಕೂಡೇ ಉಣ್ಣೂಣು” ಎಂದರು.

ಹೊತ್ತು ಮುಳುಗಲು ಇನ್ನೂ ಬಹಳ ಇದೆ. ಆ ವೈರು ಕೀಳಿ, ಅಜ್ಜಿ. ನಮ್ಮತ್ತೆ ಹಸಿದು ಹೊರಗೆ ನಿಂತಿದ್ದಾರೆ.

ಸುವ್ವಿ