ನನ್ನ ಹೇಳಿಕೆಗೊಂದು ತಿದ್ದುಪಡಿ

ಹನ್ನೊಂದನೇ ತಾರೀಖು, ಮಂಗಳವಾರ
ಮಧ್ಯಾಹ್ನ ಮೂರು ಗಂಟೆ

ಪ್ರೀತಿಯ ಮರಿ,

ನಲವತ್ತು ದಾಟಿದವನನ್ನು ಮರಿ ಎಂದು ಕರೆದರೆ ನಿನ್ನ ಹೆಂಡತಿ ನಗುತ್ತಾಳೆ. ನಗಲಿ, ಈಚೆಗೆ ನಿಮ್ಮ ಮನೆಯಲ್ಲಿ ನಗು ಕಡಿಮೆಯಾಗಿದೆಯಂತೆ. ನೀವು ಮೂವರೂ ಆರೋಗ್ಯವಾಗಿದ್ದೀರಿ ಎಂದುಕೊಂಡಿದ್ದೇನೆ. ನಾನೂ ಇದ್ದೇನೆ, ಮಂಡಿ ಒಂದು ಬಿಟ್ಟರೆ ಉಳಿದ ಭಾಗಗಳೆಲ್ಲ ನಮ್ಮ ತಕ್ಕಡಿ ಇಲಾಖೆ ಪಾಸು ಮಾಡುವ ಮಟ್ಟಿಗಿವೆ. ಎರಡು ಬೀದಿ ಆಚೆ ಇರುವ ಮಗನಿಗೆ ಅಂಚೆಯಲ್ಲಿ ಕಾಗದ ಹಾಕುವ ಅಪ್ಪ ಎಲ್ಲಾದರೂ ಉಂಟೇ ಎಂದು ಬೈದುಕೊಳ್ಳಬೇಡ. ಆ ಸಭೆಯಾದ ಈ ಹದಿನೇಳು ದಿನಗಳಲ್ಲಿ ನಾಲ್ಕು ಸಲ ನಿನ್ನ ಗೇಟಿನ ತನಕ ಬಂದೆ. ಎರಡು ಸಲ ಚಿಲಕಕ್ಕೆ ಕೈಯನ್ನೂ ಹಾಕಿದೆ. ಒಳಗೆ ನಿನ್ನ ಕೆಮ್ಮು ಕೇಳಿಸಿತು, ಬಂದ ದಾರಿ ಹಿಡಿದು ಹೊರಟೆ. ಬರೆಯಲು ಇಷ್ಟು ತಡ ಮಾಡಿದ್ದಕ್ಕೆ ಕ್ಷಮಿಸು. ಉಳಿದದ್ದಕ್ಕೆ ಕ್ಷಮೆ ಕೇಳುವ ಮುಖ ನನಗಿಲ್ಲ.

ಆಸ್ಪತ್ರೆಯ ಔಷಧ ಉಗ್ರಾಣದ ಬೀಗದ ಕೈಯನ್ನು ನಿನ್ನಿಂದ ಕಸಿದುಕೊಂಡು, ಚೀಟಿ ಬರೆಯುವ ಕಿಟಕಿಯಲ್ಲಿ ಕೂರಿಸಿದ್ದಾರೆ ಎಂದು ತಿಳಿಯಿತು. ನಿನ್ನ ಹೆಂಡತಿ ಹೇಳಲಿಲ್ಲ. ಅವಳು ನನ್ನೊಡನೆ ಮಾತು ಬಿಟ್ಟಿದ್ದಾಳೆ, ಬಿಟ್ಟದ್ದೇ ಸರಿ. ಹೇಳಿದವನು ನಿಮ್ಮ ಕಾಂಪೌಂಡರ್. ಕ್ಷೌರದಂಗಡಿಯಲ್ಲಿ ಪಕ್ಕದ ಕುರ್ಚಿಯಲ್ಲಿ ಕೂತಿದ್ದ. "ಪೇಪರಲ್ಲೇ ಬಂತಲ್ಲ ಸಾರ್, ಜೂಜಾಡೋನ ಕೈಲಿ ಸ್ಟೋರ್ ಕೀ ಬಿಡೋಕಾಗುತ್ತಾ? ನಿಮ್ಮಂಥೋರ ಹೊಟ್ಟೇಲಿ ಇಂಥೋನು ಹುಟ್ಟಿದ್ನಲ್ಲ ಅಂತ ನಮಗೇ ಬೇಜಾರು" ಎಂದ. ನನ್ನ ಕೆನ್ನೆಯ ಮೇಲೆಲ್ಲ ಸೋಪಿನ ನೊರೆ. ಆ ನೊರೆಯೊಳಗಿಂದ ನಾನು "ಹೂಂ" ಎಂದೆ. ಹೂಂ ಎಂದೆ ಮರಿ! ಕ್ಷೌರಿಕ ಕತ್ತಿ ಹಿಡಿದು ನಿಂತಿದ್ದ, ಅಲ್ಲೇ ಕುತ್ತಿಗೆ ಚಾಚಿಬಿಡೋಣ ಅನ್ನಿಸಿತು.

ನಿನಗೆ ಗೊತ್ತಿಲ್ಲದ ಭಾಗವನ್ನು ಈಗ ಹೇಳಿಬಿಡುತ್ತೇನೆ. ಬಸ್ ನಿಲ್ದಾಣದ ಹಿಂದೆ ಆ ಜೂಜಿನ ಯಂತ್ರಗಳ ಹಾಲ್ ತೆರೆದರಲ್ಲ, ಸರ್ಕಾರ ಎರಡು ವರ್ಷದ ಮಟ್ಟಿಗೆ "ನೋಡೋಣ" ಎಂದು ಲೈಸೆನ್ಸ್ ಕೊಟ್ಟಿತ್ತಲ್ಲ, ಅಲ್ಲಿಗೆ ನಾನು ಮೊದಲ ದಿನ ಹೋದದ್ದು ಆಡಲು ಅಲ್ಲ. ತಪಾಸಣೆಗೆ! ಯಾರೂ ಕರೆದಿರಲಿಲ್ಲ. ಮೂವತ್ತಾರು ವರ್ಷ ತೂಕ ಮತ್ತು ಅಳತೆ ಇಲಾಖೆಯಲ್ಲಿ ಜೀವ ಸವೆಸಿದವನಿಗೆ, ಊರೆಲ್ಲ ತಕ್ಕಡಿ ಸಾಹೇಬ್ರು ಎಂದು ಕರೆಸಿಕೊಂಡವನಿಗೆ, ನಿವೃತ್ತಿ ಎಂಬುದು ಎಲ್ಲಿ ಒಗ್ಗಬೇಕು? ತಕ್ಕಡಿ ಪರೀಕ್ಷಿಸುವಾಗ ಒಂದೇ ತೂಕದ ಕಲ್ಲನ್ನು ಹತ್ತು ಸಲ ಇಟ್ಟು ನೋಡಬೇಕು, ಎಂಥ ತಕ್ಕಡಿಯಾದರೂ ಒಂದು ಕಡೆಗೆ ಕೂದಲೆಳೆಯಷ್ಟು ವಾಲುತ್ತದೆ. ಈ ಯಂತ್ರವೂ ಎಲ್ಲೋ ವಾಲಿರಲೇಬೇಕು, ಹಿಡಿದು ಸರ್ಕಾರಕ್ಕೆ ಒಂದು ದೂರು ಬರೆದೇ ತೀರುತ್ತೇನೆ ಎಂದು ಗೆರೆ ಹಾಕಿದ ನೋಟ್‌ಬುಕ್ ಹಿಡಿದು ಎಡಗಡೆಯ ಮೂರನೇ ಯಂತ್ರದ ಮುಂದೆ ಕೂತೆ. ಹತ್ತು ಸಲ ಒತ್ತಿದೆ. ಹತ್ತು ಸಾಲದು, ನೂರಾಗಲಿ ಎಂದೆ. ಮೊದಲ ವಾರ ಗೆದ್ದೆ ಬೇರೆ! ದೋಷ ಸಿಕ್ಕಿತು ಎಂದು ಉಬ್ಬಿಹೋದೆ.

ನಿನ್ನ ಅಮ್ಮ ಹೋದಮೇಲೆ ನನ್ನ ಮಧ್ಯಾಹ್ನಗಳು ಮುಗಿಯುತ್ತಲೇ ಇರಲಿಲ್ಲ ಎಂದು ನೆಪ ಹೇಳಬಹುದು. ಹೇಳುವುದಿಲ್ಲ. ಆ ಹಾಲಿನಲ್ಲಿ ತಂಪಾಗಿತ್ತು, ಕಾಗದದ ಲೋಟದಲ್ಲಿ ಟೀ ತಂದುಕೊಡುವ ಹುಡುಗಿ "ಬನ್ನಿ ಸಾರ್, ನಿಮ್ಮ ಸೀಟ್ ಖಾಲಿ ಇದೆ" ಎನ್ನುತ್ತಿದ್ದಳು. ನಿವೃತ್ತನಾದಮೇಲೆ ನನ್ನ ಸೀಟು ಎಂದು ಯಾರೂ ಹೇಳಿರಲಿಲ್ಲ. ನಾಲ್ಕು ತಿಂಗಳಲ್ಲಿ ಮೂರು ನೋಟ್‌ಬುಕ್ ತುಂಬಿದವು. ಪಿಂಚಣಿ ಬಂದ ವಾರವೇ ಕರಗುತ್ತಿತ್ತು. ಪರೀಕ್ಷೆ ಮಾಡಬೇಕಾದವನೇ ಹೋಗಿ ತಕ್ಕಡಿಯ ತಟ್ಟೆಯಲ್ಲಿ ಕೂತಿದ್ದೆ, ಅಷ್ಟು ಬುದ್ಧಿ ಬೇಡವೇ ಈ ತಲೆಗೆ!

ಹಾಲಿನ ಪಕ್ಕಕ್ಕೆ ಅಂಟಿಕೊಂಡಂತೆ ಇನ್ನೊಂದು ಅಂಗಡಿ ಇದೆ. ಮುಂದಿನ ಸಂಬಳದ ದಿನದ ತನಕ ಸಾಲ ಕೊಡುತ್ತಾರೆ, ಬಡ್ಡಿ ಕೇಳಿದರೆ ಎದೆ ಒಡೆಯಬೇಕು. ಅಲ್ಲಿನವನು, "ಪಿಂಚಣಿಗೆ ಕೊಡಲ್ಲ ಅಂಕಲ್. ಮನೇಲಿ ಸಂಬಳದೋರು ಯಾರಾದ್ರೂ ಇದಾರಾ? ಸ್ಲಿಪ್ ತಂದು ಸೈನ್ ಹಾಕಿಸಿಕೊಟ್ರೆ ಸಾಕು" ಎಂದ. ನಿನ್ನ ಸಂಬಳದ ಚೀಟಿಗಳು ಇನ್ನೂ ಹಳೇ ವಿಳಾಸಕ್ಕೇ ಬರುತ್ತವೆ, ನನ್ನ ಬೀರುವಿನಲ್ಲೇ ಇದ್ದವು. ಸಹಿಯನ್ನು ನಾನೇ ಹಾಕಿದೆ. ನಿನ್ನ ಸಹಿ ನನಗೆ ಚೆನ್ನಾಗಿ ಬರುತ್ತದೆ. ಬ್ಯಾಂಕಿನಲ್ಲಿ ಮೊದಲ ಖಾತೆ ತೆರೆದಾಗ ಕೂರಿಸಿಕೊಂಡು ಕಲಿಸಿದವನು ನಾನೇ ತಾನೆ.

ಇದೆಲ್ಲ ನಡೆಯುತ್ತಿರುವಾಗಲೇ ಸರ್ಕಾರದ ಸಮಿತಿ ಬಂತು, ಆ ಹಾಲನ್ನೂ ಸಾಲದ ಅಂಗಡಿಯನ್ನೂ ಊರಲ್ಲಿ ಇರಗೊಡಬೇಕೋ ಬೇಡವೋ ಎಂದು ಜನರನ್ನು ಕೇಳಲು. ಪ್ರಾಮಾಣಿಕ ಮನುಷ್ಯ ಎಂದು ನನಗೂ ಕರೆ ಬಂತು! ಮೈ ಸರಿಯಿಲ್ಲ ಎನ್ನಬಹುದಿತ್ತು. ಆದರೆ ಹಳೇ ಕೋಟನ್ನು ಇಸ್ತ್ರಿ ಮಾಡಿಸಿಕೊಂಡು ಹೋದೆ. ನನ್ನ ಮಂಡಿ ನೋವಿಗೆಂದು ನೀನು ಅರ್ಧ ದಿನ ರಜೆ ಹಾಕಿ ಸ್ಕೂಟರಿನಲ್ಲಿ ಕರೆದೊಯ್ದೆ, ಹಿಂದಿನ ಸಾಲಿನಲ್ಲಿ ಕಾಯುತ್ತಾ ಕೂತೆ.

ನನಗಿಂತ ಮೊದಲು ಆ ಜೂಜಿನ ಹಾಲ್‌ನಲ್ಲಿ ಕಸ ಗುಡಿಸುವಾಕೆ ಮಾತಾಡಿದಳು, ನೆನಪಿದೆಯಾ? "ಮುಚ್ಚಿಸಿ ಸ್ವಾಮಿ, ಬೇಡ ಅನ್ನಲ್ಲ. ಆಮೇಲೆ ನನಗೆ ಕೆಲಸ ಕೊಡೋರು ಯಾರು, ಕೈ ಎತ್ತಿ ನೋಡೋಣ" ಎಂದಳು. ಒಬ್ಬರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ನನ್ನ ಸರದಿ ಬಂದಾಗ ಮಾತ್ರ ದೊಡ್ಡದಾಗಿ ಮಾತಾಡಿದೆ. ಅಂಗಡಿಯವನ ತಕ್ಕಡಿ ತಪ್ಪಿದ್ದರೆ ಹಿಡಿಯಬಹುದು, ಈ ಯಂತ್ರದಲ್ಲಿ ತಪ್ಪೇ ಇಲ್ಲ, ಎಷ್ಟು ಕಿತ್ತುಕೊಳ್ಳಬೇಕೋ ಅಷ್ಟನ್ನು ಚಾಚೂ ತಪ್ಪದೆ ಕಿತ್ತುಕೊಳ್ಳುತ್ತದೆ, ಇದಕ್ಕೆ ಸರ್ಕಾರ ತನ್ನ ಮುದ್ರೆ ಒತ್ತಕೂಡದು ಎಂದೆ. ಅದು ನಿಜ. ಈಗಲೂ ಅದೇ ಹೇಳುತ್ತೇನೆ. ಆಗ ಕನ್ನಡಕದ ಸದಸ್ಯೆ ಸಾಲದಂಗಡಿಯಿಂದ ತರಿಸಿದ ಪಟ್ಟಿ ತಿರುವುತ್ತಾ, "ನಿಮ್ಮ ವಿಳಾಸದಲ್ಲೂ ಒಂದು ಸಾಲ ಇದೆಯಲ್ಲ ಯಜಮಾನ್ರೇ, ಯಾರದು?" ಎಂದು ಕೇಳಿದರು.

"ನನ್ನ ಮಗಂದು" ಎಂದೆ. ಕಾಗದದ ಮೇಲೆ ನಿನ್ನ ಹೆಸರೇ ಇತ್ತಲ್ಲ, ಸುಳ್ಳೇನೂ ಅಲ್ಲ ಎಂದು ಒಳಗೊಳಗೇ ಲೆಕ್ಕ ಹಾಕಿದೆ. "ಆಟ ಆಡೋದೂ ಅವರೇನಾ?" ಎಂದರು. "ಹೌದು" ಎಂದುಬಿಟ್ಟೆ. ನೀನು ಹಿಂದೆ ಇದ್ದೀ ಎಂಬುದು ಮರೆತಿತ್ತು ಎನ್ನಲಾರೆ. ಗೊತ್ತಿತ್ತು. ನೀನು ಎದ್ದು ನಿಂತೆ. ಅಲ್ಲಿಯ ತನಕ ಆ ಸಾಲದ ಸುದ್ದಿಯೇ ನಿನಗೆ ತಿಳಿದಿರಲಿಲ್ಲ. ಅಷ್ಟು ಹೊತ್ತಿನಲ್ಲೇ ನೀನು ಎಲ್ಲ ಅರ್ಥ ಮಾಡಿಕೊಂಡು, "ಹೌದು ಮೇಡಂ, ನಂದೇ. ಅಪ್ಪನ್ನ ಇನ್ನು ಕೇಳಬೇಡಿ, ಅವರಿಗೆ ಬಿ.ಪಿ. ಇದೆ" ಎಂದೆ.

ವಾಪಸ್ಸು ಬರುವಾಗ ನೀನು ನನ್ನ ಜನ್ಮ ಜಾಲಾಡುತ್ತೀ ಎಂದುಕೊಂಡಿದ್ದೆ. ಜಾಲಾಡಿದ್ದರೆ ಎಷ್ಟೋ ವಾಸಿಯಿತ್ತು. ಸ್ಕೂಟರ್ ಹತ್ತುವಾಗ, "ಅಪ್ಪಾ, ಕಾಲು ಆಚೆ ಇಟ್ಕೊಳ್ಳಿ, ಸೈಲೆನ್ಸರ್ ಬಿಸಿ ಇರುತ್ತೆ" ಎಂದೆ. ಅಷ್ಟೇ. ಮನೆಯ ಮುಂದೆ ಇಳಿಸಿ ಹೊರಟುಹೋದೆ.

ಈವತ್ತು ಬೆಳಿಗ್ಗೆ ಸಮಿತಿಯ ಕಾರ್ಯದರ್ಶಿಯ ಕಚೇರಿಗೆ ಹೋಗಿ ತಿದ್ದುಪಡಿ ಕೊಟ್ಟುಬಂದೆ. ಆಡಿದವನು ನಾನು, ಸಾಲ ತೆಗೆದವನು ನಾನು, ಮಗನ ಸಹಿಯನ್ನು ಕಳ್ಳತನದಿಂದ ಹಾಕಿದವನು ನಾನು ಎಂದು ಬರೆದು, ಈ ಸಲ ನನ್ನದೇ ಸಹಿ ಹಾಕಿದೆ. ಕಾರ್ಯದರ್ಶಿ ಓದಿ, ಕಾಗದ ಮಡಚಿಟ್ಟು, "ಇದನ್ನ ಗುರುವಾರ ಸಭೇಲಿ ಗಟ್ಟಿಯಾಗಿ ಓದ್ತಾರೆ, ನಿಮ್ಮ ಮೇಲೆ ಕೇಸೂ ಆಗಬಹುದು, ಗೊತ್ತಾ?" ಎಂದರು. ಗೊತ್ತು ಎಂದೆ. ಹನ್ನೊಂದು ಗಂಟೆಗಂತೆ. ನಾನು ಮುಂದಿನ ಸಾಲಿನಲ್ಲೇ ಕೂರುತ್ತೇನೆ. ನೀನು ಬರಬೇಡ.

ಅಲ್ಲಿಂದ ನೇರ ನಿಮ್ಮ ಆಸ್ಪತ್ರೆಗೆ ಹೋಗಿ ಸೂಪರಿಂಟೆಂಡೆಂಟರ ಕೈಗೂ ಒಂದು ಪ್ರತಿ ಕೊಟ್ಟೆ. ನನ್ನನ್ನು ಕೂರಿ ಎನ್ನಲಿಲ್ಲ. ಓದಿ ಮುಗಿಸಿ, "ಕೀ ಕೇಳಿದಾಗ ನಿಮ್ಮ ಮಗ ಒಂದೇ ಒಂದು ಮಾತು ವಾದಿಸ್ಲಿಲ್ಲ ಕಣ್ರೀ. ದಾಸ್ತಾನು ಎಣಿಸಿ, ರಸೀದಿ ಕೊಡಿ ಅಂದ್ರು, ಅಷ್ಟೇ" ಎಂದರು. ನನ್ನ ಮಗ ಎನ್ನುವುದಕ್ಕೆ ಅದೊಂದು ಸಾಕು ಎಂದು ಹೆಮ್ಮೆ ಪಡುವ ಹಕ್ಕೂ ಈಗ ನನಗಿಲ್ಲ. ಕೀ ನಾಳೆಯೇ ವಾಪಸ್ಸು ಕೊಡುತ್ತಾರೆ ಎಂದು ಹೇಳಿಲ್ಲ, ಗುರುವಾರ ಕಳೆಯಲಿ ಎಂದಿದ್ದಾರೆ. ಬ್ಯಾಂಕಿಗೂ ಬರೆದುಕೊಟ್ಟಿದ್ದೇನೆ, ಸಾಲದ ಕಂತು ಇನ್ನು ಮುಂದೆ ನನ್ನ ಪಿಂಚಣಿಯಲ್ಲಿ ಕಡಿತವಾಗುತ್ತದೆ, ಆ ತಲೆನೋವು ನಿನಗೆ ಬೇಡ. ಆ ಜೂಜಿನ ಹಾಲ್ ಕಡೆ ಹೋಗಿ ಹದಿನೇಳು ದಿನವಾಯಿತು. ಕೈ ತುರಿಸುವುದಿಲ್ಲ ಎಂದು ಬರೆದರೆ ಅದಕ್ಕೂ ಒಂದು ತಿದ್ದುಪಡಿ ಬೇಕಾದೀತು.

ಮಗುವಿಗೆ ತಾತ ಕೇಳಿದ ಎಂದು ಹೇಳು. ಸೊಸೆಗೆ ಏನೂ ಹೇಳಬೇಡ, ಈ ಕಾಗದ ಅವಳಿಗೂ ತೋರಿಸು, ಅಷ್ಟೇ. ನಿನ್ನ ತಲೆಯ ಮೇಲೆ ಕೈ ಇಟ್ಟು ಹರಸುವ ಯೋಗ್ಯತೆ ಉಳಿದಿದೆಯೋ ಇಲ್ಲವೋ, ಆದರೂ ಹರಸುತ್ತೇನೆ. ನಿನಗೆ ಒಳ್ಳೆಯದಾಗಲಿ. ನಿನ್ನ ಮಗುವಿನ ಮುಂದೆ ನೀನೆಂದೂ ಹೀಗೆ ತಲೆ ತಗ್ಗಿಸುವಂತಾಗದಿರಲಿ.

ಇಂತಿ,
ನಿನ್ನ ಅಪ್ಪ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲಲಿಲ್ಲ. ತಿದ್ದುಪಡಿಯಲ್ಲೂ ಇದನ್ನು ಬರೆದಿಲ್ಲ, ಸಮಿತಿಗೆ ಇದರಿಂದ ಆಗಬೇಕಾದ್ದೇನೂ ಇಲ್ಲ. ನೀನು ಎದ್ದು "ನಂದೇ" ಎಂದಾಗ ಯಾರೋ, ತಪ್ಪು ಒಪ್ಪಿಕೊಂಡ ನಿನ್ನ ಧೈರ್ಯವನ್ನು ಮೆಚ್ಚಿ, ಚಪ್ಪಾಳೆ ಶುರು ಮಾಡಿದರು, ಎಲ್ಲರೂ ತಟ್ಟಿದರು. ಆಗ ನನಗೆ ನಾಚಿಕೆಯಾಗಲಿಲ್ಲ ಮರಿ. ಬದುಕಿಕೊಂಡೆ ಎನ್ನಿಸಿತು. ನೀನು ನನ್ನನ್ನೇ ನೋಡುತ್ತಾ ನಿಂತಿದ್ದೆ. ಎಲ್ಲರ ಜೊತೆ ನಾನೂ ಚಪ್ಪಾಳೆ ತಟ್ಟಿದೆ.