ಕೆಲಸವಿಲ್ಲದಾಗ ನಿಧಾನವಾಗುವ ಕಂಪ್ಯೂಟರು

ಬಾಗಲೂರು ರಸ್ತೆ, ಹೊಸೂರು
೧೯-೮-೨೦೦೭, ಭಾನುವಾರ

ನನ್ನ ಮುದ್ದಿನ ಅಳಿಯ ಪ್ರಮೋದನಿಗೆ, ಮಾವ ವೆಂಕಟೇಶಪ್ಪ ತಲೆ ಮುಟ್ಟಿ ಹರಸಿ ಬರೆಯುವುದು.

ಸೇಲಂನಲ್ಲಿ ಮೈ ಹುಷಾರಾಗಿದೆಯೇನಪ್ಪಾ? ಅಲ್ಲಿಯ ಸೆಕೆಗೆ ನಿನಗೆ ಮತ್ತೆ ಮೂಗಿನಲ್ಲಿ ರಕ್ತ ಬರುವುದೆಂದು ನಿಮ್ಮಮ್ಮನಿಗೆ ಹೆದರಿಕೆ. ಮಜ್ಜಿಗೆ ಕುಡಿ, ಹೋಟೆಲಿನ ಖಾರ ತಿನ್ನಬೇಡ. ನಿಮ್ಮಮ್ಮ ಭದ್ರಮ್ಮ ಇದ್ದಾಳೆ, ಇದ್ದಾಳೆ ಅಷ್ಟೆ. ನೀನು ಹೇಳದೆ ಕೇಳದೆ ಬಸ್ಸು ಹತ್ತಿದ ಮೇಲೆ ಒಂದು ಹೊತ್ತು ಉಂಡರೆ ಇನ್ನೊಂದು ಹೊತ್ತು ಇಲ್ಲ. ಬೀದಿಯ ನಲ್ಲಿಗೂ ಹೋಗುವುದಿಲ್ಲ, ದಾಸಪ್ಪನ ಹೆಂಡತಿ ಕಮಲಮ್ಮ ಅಲ್ಲಿಗೆ ಬರುತ್ತಾಳೆಂದು. ನಾನು ಮಾತ್ರ ಕಲ್ಲಿನ ಹಾಗಿದ್ದೇನೆ. ಹೋದ ವಾರ ಐದು ಎಚ್‌ಪಿ ಮೋಟಾರನ್ನು ಒಬ್ಬನೇ ಎತ್ತಿ ಆಟೋಕ್ಕೆ ಹಾಕಿದೆ, ನೋಡಿದವರು ಬಾಯಿ ಬಿಟ್ಟರು. ಆ ಕಡೆಯಿಂದ ಯಾರೋ ಸ್ವಲ್ಪ ಕೈ ಕೊಟ್ಟಿರಬೇಕು, ಅದು ಲೆಕ್ಕಕ್ಕಿಲ್ಲ.

ದಾಸಪ್ಪನ ಎಡಗಣ್ಣು ಹೋಯಿತು. ಮೊನ್ನೆ ಕಟ್ಟು ಬಿಚ್ಚಿದ ಡಾಕ್ಟರು ಇನ್ನು ಆಸೆ ಇಟ್ಟುಕೊಳ್ಳಬೇಡಿ ಎಂದರಂತೆ. ನಾನು ಎಳನೀರು ತೆಗೆದುಕೊಂಡು ನೋಡಲು ಹೋಗಿದ್ದೆ. ದಾಸಪ್ಪ ಲೋಟ ಎತ್ತಲು ಹೋಗಿ ಪಕ್ಕದ ಗಾಳಿಯನ್ನು ಹಿಡಿದ. ಕಮಲಮ್ಮ ಎಳನೀರು ಇಸಿದುಕೊಂಡು ನನ್ನ ಮುಖಕ್ಕೇ, “ನಿನ್ನ ಅಳಿಯನ ಕೈ ಸೇದೋಗ್ಲಿ ಕಣಣ್ಣಾ, ಆಟ ಆಡ್ಕೊಂಡು ಮೆಷಿನ್ ಬುಟ್ಟವ್ನೆ” ಅಂದಳು. ಯಾರ ಮಾತಿಗೂ ಎದುರು ಮಾತು ಇಟ್ಟುಕೊಂಡಿರುವ ನಾನು ಖಾಲಿ ಚೀಲ ಮಡಚಿಕೊಂಡು ಎದ್ದು ಬಂದೆ.

ಪ್ರಮೋದಾ, ಆ ಸೋಮವಾರ ನಿನ್ನ ಕೈಯಲ್ಲಿ ತಪ್ಪು ನಡೆಯಲಿಲ್ಲ. ನೀನು ಎಂದಿನಂತೆ ಮೊದಲು ಪ್ಲೇಟಿಲ್ಲದೆ ಕಟರನ್ನು ಬರೀ ಗಾಳಿಯಲ್ಲಿ ಓಡಿಸಿ ನೋಡಿ, ಆಮೇಲೆಯೇ ಕಬ್ಬಿಣದ ಪ್ಲೇಟು ಕಟ್ಟಿದೆ. ಟೀ ಕುಡಿದು ಬಂದು ಶುರು ಮಾಡಿದೆ. ಮಿಲ್ಲಿಂಗ್ ಮೆಷಿನ್ನಿನ ಟೇಬಲ್ಲು ನಡುನಡುವೆ ತಡವರಿಸಿ, ಕಟರು ಪ್ಲೇಟು ಹಿಡಿದಿದ್ದ ಕ್ಲ್ಯಾಂಪಿಗೆ ಗುದ್ದಿ ಮುರಿದು, ಚೂರು ಸಿಡಿದು, ಕಬ್ಬಿಣದ ಚಿಪ್ಸು ಗುಡಿಸುತ್ತಿದ್ದ ದಾಸಪ್ಪನ ಕಣ್ಣಿಗೆ ಬಿತ್ತು. ಮಾಲೀಕರು ರಾಮಸ್ವಾಮಿ ನಿನ್ನ ಪ್ರೋಗ್ರಾಮು ತಪ್ಪೆಂದರು. ನೀನೂ ಹಾಗೇ ನಂಬಿ ಓಡಿದೆ. ಆದರೆ ನಿನ್ನ ಜಾಗಕ್ಕೆ ಬಂದವನ ಕೈಯಲ್ಲೂ ಟೇಬಲ್ಲು ಎರಡು ಸಲ ಹಾಗೇ ತಡವರಿಸಿತು. ಆಮೇಲೆ ಮೆಷಿನ್ ಕೊಟ್ಟವರು ಕೊಯಮತ್ತೂರಿನಿಂದ ಆಳು ಕಳಿಸಿದರು. ಅವನು ಮೆಷಿನ್ ಓಡಿಸುವ ಕಂಪ್ಯೂಟರನ್ನು ಬಿಚ್ಚಲೇ ಇಲ್ಲ. ಆನ್ ಮಾಡುವಾಗ ಒಂದು ಕೀ ಒತ್ತಿ ನೀಲಿ ಪರದೆ ತಂದು, ಅದರಲ್ಲಿ ಆನ್ ಆಗಿದ್ದ ಒಂದು ಸಾಲಿಗೆ ಬೆರಳಿಟ್ಟು ತೋರಿಸಿದ.

ಅದೇನೆಂದು ನಾನು ಹೇಳಿದಷ್ಟು ಚೆನ್ನಾಗಿ ನಿನ್ನ ಐಟಿಐ ಮೇಷ್ಟ್ರೂ ಹೇಳಲಾರರು, ಕೇಳು. ಈಗಿನ ಪ್ರೊಸೆಸರ್ ಕೆಲಸವಿಲ್ಲವೆಂದು ಕಂಡರೆ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ, ಕರೆಂಟು ಮಿಗಲೆಂದು. ಕೆಲಸ ಬಂದರೆ ಮತ್ತೆ ಏರುತ್ತದೆ. ಮನೆಯ ಕಂಪ್ಯೂಟರಿಗೆ ಅದು ಒಳ್ಳೆಯದೇ. ನಮ್ಮ ಮೆಷಿನ್ನಿನದು ವೈರಿನಲ್ಲಿ ಮೋಟಾರಿಗೆ ಒಂದೇ ಲಯದಲ್ಲಿ ತಟ್ಟುತ್ತಾ ಹೋಗಬೇಕು, ಒಂದೊಂದು ತಟ್ಟಿಗೆ ಟೇಬಲ್ಲು ಕೂದಲೆಳೆಯಷ್ಟು ಸರಿಯಬೇಕು. ಆ ಕೆಲಸ ಪ್ರೊಸೆಸರಿಗೆ ಕೆಲಸವೆಂದೇ ಕಾಣುವುದಿಲ್ಲವಂತೆ, ಅಷ್ಟು ಹಗುರ. ಹಾಗಾಗಿ ನಡುವೆ ಇಳಿಯುತ್ತದೆ, ಏರುತ್ತದೆ, ತಟ್ಟು ಏರುಪೇರಾಗುತ್ತದೆ, ಮೋಟಾರು ನಾಲ್ಕು ತಟ್ಟು ತಪ್ಪಿಸಿಕೊಳ್ಳುತ್ತದೆ. ಟೇಬಲ್ಲು ಒಂದು ಕಡೆ ಇದ್ದರೆ ಕಂಪ್ಯೂಟರು ಇನ್ನೊಂದು ಕಡೆ ಇದೆಯೆಂದುಕೊಂಡು ಕಟರನ್ನು ಓಡಿಸುತ್ತದೆ.

ಅದನ್ನು ಆನ್ ಮಾಡಿದವನು ನಾನು.

ಬೇರಿಕೆಯ ಶಾಲೆಯಲ್ಲಿ ಏಳನೇ ಕ್ಲಾಸು ಮುಗಿಸಿ ಇಪ್ಪತ್ತೆರಡು ವರ್ಷ ಈ ಶೆಡ್ಡಿನ ಕರೆಂಟು ನೋಡಿಕೊಂಡವನು. ಸುಮ್ಮನೆ ಓಡುವ ಫ್ಯಾನು ಕಂಡರೆ, ಉರಿಯುವ ಬಲ್ಬು ಕಂಡರೆ ನನ್ನ ಕೈ ತಾನಾಗಿ ಸ್ವಿಚ್ಚಿಗೆ ಹೋಗುತ್ತದೆ, ನಿನಗೆ ಗೊತ್ತಲ್ಲ. ಯುಪಿಎಸ್ ರಿಪೇರಿಗೆ ಒಯ್ದಾಗ ಬಸ್‌ಸ್ಟ್ಯಾಂಡ್ ಅಂಗಡಿಯ ವಿಷ್ಣು, “ಸುಮ್ನೆ ಇರೋವಾಗ ಕಂಪ್ಯೂಟ್ರು ತಾನೇ ಸ್ಲೋ ಆಯ್ತದೆ ಅಣ್ಣಾ, ನೀವು ಆನ್ ಮಾಡಿದ್ರೆ ಸಾಕು” ಎಂದು ಅಂಥದೇ ನೀಲಿ ಪರದೆ ತೋರಿಸಿದ. ನಮ್ಮ ಕಂಪ್ಯೂಟರು ಏನು ಕೆಲಸ ಮಾಡುತ್ತದೆಂದು ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ಆ ಸೋಮವಾರದ ಹಿಂದಿನ ದಿನ, ಭಾನುವಾರ, ಶೆಡ್ಡಿನಲ್ಲಿ ಒಬ್ಬನೇ ಕುಳಿತು ಇಂಗ್ಲಿಷ್ ಅಕ್ಷರ ಕೂಡಿಸಿ ಓದಿ ಒತ್ತಿದೆ. ನಿನಗೂ ಹೇಳಲಿಲ್ಲ. ಕರೆಂಟು ಬಿಲ್ಲು ಬಂದ ದಿನ ಎಲ್ಲರೆದುರು “ಇದು ಯಾರ ಕೈಚಳಕ ಗೊತ್ತೇನ್ರೋ?” ಅನ್ನಬೇಕೆಂದು ಕಾದಿದ್ದೆ. ಬಿಲ್ಲು ಬಂತು, ಯಾವಾಗಿನಷ್ಟೇ. ಅದು ಉಳಿಸುವುದು ಒಂದು ಸಣ್ಣ ಬಲ್ಬಿನಷ್ಟಂತೆ. ಬಿಲ್ಲು ಬರುವ ಮೊದಲೇ ದಾಸಪ್ಪ ಆಸ್ಪತ್ರೆ ಸೇರಿದ್ದ, ನೀನು ಊರು ಬಿಟ್ಟಿದ್ದೆ.

ನೀನು ನನ್ನನ್ನು ಬಯ್ಯಬೇಕು, ಬಯ್ಯಿ. ಆದರೆ ನಿಮ್ಮಮ್ಮನಿಗೆ ಒಂದು ಫೋನು ಮಾಡು, ಪಕ್ಕದ ಮನೆ ಶ್ಯಾಮಣ್ಣನ ನಂಬರಿಗೆ. ಹೊತ್ತಿಗೆ ಸರಿಯಾಗಿ ಉಣ್ಣು. ದೇವರು ನಿನ್ನ ಎರಡು ಕಣ್ಣನ್ನೂ ಕೈಯನ್ನೂ ಚೆನ್ನಾಗಿಟ್ಟಿರಲಿ.

ಇಂತಿ ನಿನ್ನ ಸೋದರಮಾವ,
ವೆಂಕಟೇಶಪ್ಪ

ಮರೆತಿದ್ದೆ. ಮರೆತಿರಲಿಲ್ಲ, ಬರೆಯಲು ಕೈ ಬರಲಿಲ್ಲ. ಕೊಯಮತ್ತೂರಿನವನು “ಇದನ್ನ ಯಾರು ಆನ್ ಮಾಡಿದ್ದು?” ಎಂದಾಗ ಮಾಲೀಕರು ನನ್ನ ಕಡೆ ತಿರುಗಿದರು. “ಆ ಹುಡುಗನೇ ಇರ್ಬೇಕು ಸಾರ್, ಯಾವಾಗ್ಲೂ ಏನಾರ ಕೆದಕ್ತಿದ್ದ” ಅಂದುಬಿಟ್ಟೆ. ಮಾಲೀಕರು ಅದನ್ನೇ ಲೇಬರ್ ಆಫೀಸಿಗೆ ಬರೆದುಕೊಟ್ಟಿದ್ದಾರೆ. ೨೮ನೇ ತಾರೀಖು ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಕೃಷ್ಣಗಿರಿಯಲ್ಲಿ ವಿಚಾರಣೆ. ನಿನ್ನ ಹೆಸರಿಗೆ ಬಂದ ನೋಟೀಸು ಇದರೊಳಗಿದೆ. ಅದರ ಹಿಂದೆ ಇನ್ನೊಂದು ಹಾಳೆ ಇದೆ: ಆನ್ ಮಾಡಿದವನು ನಾನು, ಸುಳ್ಳು ಹೇಳಿದವನೂ ನಾನು ಎಂದು ಬರೆದು ರುಜು ಹಾಕಿದ್ದೇನೆ. ಮಂಗಳವಾರ ನಾನೇ ಎದ್ದು ನಿಂತು ಹೇಳಬೇಕೆಂದಿದ್ದೇನೆ. ಆದರೂ ನನ್ನನ್ನು ನಂಬಿ ಕೂರಬೇಡ. ಹಾಳೆಯನ್ನು ಒಳಜೇಬಿನಲ್ಲಿಟ್ಟುಕೊಂಡು ನೀನು ಬಂದುಬಿಡು.